ಅಶ್ವಾಹಾರದಲ್ಲಿ ಉಪ್ಪು ಮತ್ತು ಸುಣ್ಣ : ಒಂದು ಐತಿಹಾಸಿಕ ವಿವೇಚನೆ

೧

ಸಂಸ್ಕೃತದಲ್ಲಿ ‘ಸೈಂಧವ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಸಿಂಧೂದೇಶದಲ್ಲಿ ಹುಟ್ಟಿದ ಕುದುರೆ ಎಂಬುದು ಒಂದು. ಅದೇ ದೇಶದ ಗಣಿಯಿಂದ ತೆಗೆದ ಕಲ್ಲುಪ್ಪು ಎಂಬುದು ಇನ್ನೊಂದು. ಶಬ್ದಾರ್ಥವಿಚಾರವನ್ನು ಕೈಕೊಂಡ ಶಾಸ್ತ್ರಕಾರರು ಈ ಪದವನ್ನು ಬಹುಕಾಲದಿಂದಲೂ ನಿದರ್ಶನವಾಗಿ ಬಳಸುತ್ತ ಬಂದಿದ್ದಾರೆ. ಸೈಂಧವವನ್ನು ತರಹೇಳಿದಾಗ, ಊಟಕ್ಕೆ ಕುಳಿತ ಸಂದರ್ಭವಾದರೆ ಉಪ್ಪನ್ನೂ ಪ್ರಯಾಣಕ್ಕೆ ಹೊರಟ ಸಂದರ್ಭವಾದರೆ ಕುದುರೆಯನ್ನೂ ತರಬೇಕೆಂಬುದು ಆ ನಿದರ್ಶನದ ತಾತ್ಪರ್ಯ. ಅಲಂಕಾರಶಾಸ್ತ್ರವನ್ನು ಓದಿದವರಿಗೆಲ್ಲ ಇದು ಪರಿಚಿತವಾದ ಮಾತು. ಆದರೆ ಇತಿಹಾಸದ ವಿದ್ಯಾರ್ಥಿಗೆ ಈ ಪದವು ಬೇರೊಂದು ವಿಚಾರವನ್ನು ಸೂಚಿಸುತ್ತದೆ. ಕುದುರೆ ಮತ್ತು ಉಪ್ಪು ಇವೆರಡೂ ಒಂದೇ ನಾಡಿನಿಂದ ಒಂದೇ ಹೆಸರನ್ನು ಹೊತ್ತು ಬಂದುವು; ಅರಸರ ಲಾಯಗಳಲ್ಲಿ ಅವು ಮತ್ತೆ ಒಂದುಗೂಡಿದುವು. ಅಲ್ಲಿ ಒಂದು ಸೈಂಧವವು ಇನ್ನೊಂದಕ್ಕೆ ಆಹಾರವಾಯಿತು.

ನಮ್ಮ ದೇಶದ ಅಶ್ವಗಳ ಚರಿತ್ರೆಯನ್ನು ಕುರಿತು ನಡೆದಿರುವ ಪರಿಶೋಧನೆಗಳಲ್ಲಿ ವ್ಯಾಪಾರ ಮತ್ತು ಯುದ್ಧ ಇವೆರಡು ವಿಷಯಗಳಿಗೇ ಪ್ರಾಧಾನ್ಯ ದೊರೆತಿದೆ. ಅರಬ್ಬೀ ದೇಶದ ಕುದುರೆಗಳು ಯಾವ ರೇವುಗಳಲ್ಲಿ ಇಳಿದುವು, ಅವುಗಳ ಬೆಲೆಯೇನು, ಯಾವ ಅರಸನ ಸೈನ್ಯದಲ್ಲಿ ಎಷ್ಟು ರಾವುತರಿದ್ದರು ಎಂಬ ಪ್ರಶ್ನೆಗಳಿಗೆ ವಿದ್ವಾಂಸರು ಸಮಾಧಾನಗಳನ್ನು ಒದಗಿಸಿದ್ದಾರೆ. ಲಾಯವನ್ನು ಸೇರಿದ ಮೇಲೆ ಆ ಕುದುರೆಗಳು ಏನು ತಿಂದುವು, ಎಷ್ಟು ಕಾಲ ಬದುಕಿದುವು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆದರೆ ಕುದುರೆಗಳಿಗಾಗಿ ದಕ್ಷಿಣದ ರಾಜ್ಯಗಳಿಂದ ಹೊರಗೆ ಹರಿದುಹೋದ ಹೊನ್ನಿನ ಮೊತ್ತವು ಈ ಪ್ರಶ್ನೆಗಳನ್ನೇ ಅವಲಂಬಿಸಿತ್ತು. ಹತ್ತು ವರ್ಷ ಬದುಕಬೇಕಾದ ಕುದುರೆ ಒಂದೇ ವರ್ಷದಲ್ಲಿ ಸತ್ತರೆ ರಾಜ್ಯವು ಅದನ್ನು ಹತ್ತು ಬಾರಿ ಕೊಂಡಂತಾಗುತ್ತದೆ.

ಈ ಪ್ರಬಂಧದಲ್ಲಿ ನಾವು ಕುದುರೆಯ ಆಹಾರದಲ್ಲಿ ಸೇರುವ ಉಪ್ಪು ಮತ್ತು ಇತರ ಖನಿಜಾಂಶಗಳ ಚರಿತ್ರೆಯನ್ನು ಸಂಗ್ರಹವಾಗಿ ಪರಿಶೀಲಿಸುತ್ತೇವೆ. ನಮ್ಮ ಪ್ರತಿಪಾದನೆ ಇಷ್ಟು: ಕುದುರೆಯು ಉಪ್ಪನ್ನು ತಾನೇ ಬೇಡಿ ತಿನ್ನುತ್ತದೆ; ಆದುದರಿಂದ ಅದರ ಅಗತ್ಯವನ್ನು ಮನುಷ್ಯನು ಅತ್ಯಂತ ಪ್ರಾಚೀನ ಕಾಲದಲ್ಲಿಯೇ ಅರಿತು ಪ್ರಮಾಣವನ್ನು ಗೊತ್ತುಮಾಡಿದನು. ಸುಣ್ಣ, ರಂಜಕ ಮೊದಲಾದುವನ್ನು ಅದು ಬೇಡುವುದಿಲ್ಲ; ಆದುದರಿಂದ ಅವುಗಳ ವಿಷಯವು ಇಪ್ಪತ್ತನೆಯ ಶತಮಾನದವರೆಗೂ ಮರೆಯಾಗಿಯೇ ಉಳಿಯಿತು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ದಾಖಲೆಗಳನ್ನು ಓದಿದರೆ ಅವುಗಳಲ್ಲಿ ಹೊಸ ಅರ್ಥ ಕಾಣುತ್ತದೆ.

೨

ಕುದುರೆಯ ಪೋಷಣೆಯನ್ನು ಕುರಿತು ಉಪಲಬ್ಧವಾಗಿರುವ ಅತಿ ಪ್ರಾಚೀನ ಬರಹಗಳಲ್ಲಿ ಮಿತನ್ನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಗ್ರಂಥವು ಒಂದು. ಕ್ರಿಸ್ತಪೂರ್ವ ಎರಡನೆಯ ಸಹಸ್ರವರ್ಷದ ಉತ್ತರಾರ್ಧಕ್ಕೆ ಸೇರಿದ ಈ ಗ್ರಂಥದ ಮಣ್ಣಿನ ಹಲಗೆಗಳು ಇಂದಿನ ತುರ್ಕಿಯಲ್ಲಿರುವ ಹಿಟ್ಟೈಟರ ರಾಜಧಾನಿ ಹತ್ತುಷದ ಅವಶೇಷಗಳಲ್ಲಿ ದೊರೆತುವು. ರಥಾಶ್ವಗಳನ್ನು ದಿನದಿನವೂ ಎಷ್ಟು ದೂರ ಓಡಿಸಬೇಕು, ಎಂದು ಮೀಯಿಸಬೇಕು, ಎಂದು ಉಪವಾಸವಿಡಬೇಕು ಎಂಬ ವಿವರಗಳು ಅದರಲ್ಲಿವೆ. ಓಟದ ಸುತ್ತುಗಳನ್ನು ಹೇಳುವಲ್ಲಿ ಏಕ, ಪಂಚ, ಸಪ್ತ ಎಂಬ ನಮ್ಮ ಸಂಖ್ಯಾವಾಚಕಗಳಿಗೆ ಅತಿ ಸಮೀಪವಾದ ರೂಪಗಳು ಬಂದಿರುವುದರಿಂದ ಭಾಷಾಶಾಸ್ತ್ರಜ್ಞರು ಈ ಗ್ರಂಥವನ್ನು ಬಹುವಾಗಿ ಚರ್ಚಿಸಿದ್ದಾರೆ. ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಬೇರೆ. ದುಡಿದು ಬೆವರಿದ ಕುದುರೆಗಳಿಗೆ ನೀರಿನೊಡನೆ ಉಪ್ಪನ್ನೂ ಮೊಳೆಯಿಸಿದ ಧಾನ್ಯವನ್ನೂ ಕೊಡುವ ವಿಧಿ ಅದರಲ್ಲಿದೆ. ಬೆವರಿಗೂ ಉಪ್ಪಿಗೂ ಇರುವ ಸಂಬಂಧವನ್ನು ಆ ಕಾಲದ ಶಿಕ್ಷಕರು ಅನುಭವದಿಂದಲೇ ಕಂಡುಕೊಂಡಿದ್ದರು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಭಾರತದಲ್ಲಿ ಈ ವಿಷಯಕ್ಕೆ ದೊರೆಯುವ ನಿಷ್ಕೃಷ್ಟವಾದ ಆಧಾರ ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಈ ಗ್ರಂಥದ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ, ೧೯೦೯ರಲ್ಲಿ ಅದನ್ನು ಲೋಕಕ್ಕೆ ನೀಡಿದವರು ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವ ಅಧ್ಯಾಯವೊಂದಿದೆ. ಉತ್ತಮವಾದ ಕುದುರೆಗೆ ಎರಡು ದ್ರೋಣದಷ್ಟು ಅಕ್ಕಿ, ಜವೆ ಅಥವಾ ನವಣೆಯ ಜಾತಿಯ ಧಾನ್ಯ, ಇಲ್ಲವೆ ಬೇಯಿಸಿದ ಹೆಸರು ಅಥವಾ ಉದ್ದು. ಒಂದು ಪ್ರಸ್ಥ ಜಿಡ್ಡು. ಐದು ಪಲ ಉಪ್ಪು. ಐವತ್ತು ಪಲ ಮಾಂಸ. ಉಂಡೆಯನ್ನು ನೆನೆಸಲು ಒಂದು ಆಢಕ ರಸ ಅಥವಾ ಅದರ ಎರಡರಷ್ಟು ಮೊಸರು. ಕುಡಿಯಲು ಬೆಲ್ಲ ಕೂಡಿದ ಸುರೆ ಅಥವಾ ಅದರ ಎರಡರಷ್ಟು ಹಾಲು. ಇವಲ್ಲದೆ ಹಸುರು ಮೇವು ಮತ್ತು ಹುಲ್ಲು. ಮಧ್ಯಮ ಮತ್ತು ಅಧಮ ಕುದುರೆಗಳಿಗೆ ಕ್ರಮವಾಗಿ ಕಾಲುಭಾಗ ಕಡಿಮೆ. ಮರಿಗೆ ಆರು ತಿಂಗಳವರೆಗೆ ಹಾಲು, ಅನಂತರ ಜವೆ. ಇದಿಷ್ಟೂ ಸರಕಾರದ ಉಗ್ರಾಣದ ಲೆಕ್ಕ. ಅಧ್ಯಕ್ಷನು ಪಡೆದು ಒಪ್ಪಿಸಬೇಕಾದ ಪಡಿ.

ಇಲ್ಲಿ ಹೇಳಿರುವ ಐದು ಪಲ ಉಪ್ಪು ಎಷ್ಟೆಂಬುದನ್ನು ಪರ್ಯಾಲೋಚಿಸುವುದು ಯುಕ್ತ. ನಾಲ್ಕು ಕರ್ಷಕ್ಕೆ ಒಂದು ಪಲವೆಂಬ ಲೆಕ್ಕದಂತೆ, ಗುಲಗಂಜಿಯ ತೂಕವನ್ನು ಮೂಲಮಾನವಾಗಿಟ್ಟುಕೊಂಡರೆ, ಒಂದು ಪಲವು ಸುಮಾರು ೩೮ ಗ್ರಾಂ ಆಗುತ್ತದೆ. ಐದು ಪಲವು ಸುಮಾರು ೧೯೦ ಗ್ರಾಂ. ಇಂದಿನ ಪಶುಪೋಷಣಶಾಸ್ತ್ರದ ಪ್ರಕಾರ ೫೦೦ ಕಿಲೋಗ್ರಾಂ ತೂಕದ, ಕೆಲಸವಿಲ್ಲದೆ ನಿಂತಿರುವ ಕುದುರೆಗೆ ದಿನವೊಂದಕ್ಕೆ ಸುಮಾರು ೧೦ ಗ್ರಾಂ ಸೋಡಿಯಂ, ಎಂದರೆ ೨೫ ಗ್ರಾಂ ಉಪ್ಪು ಸಾಕು. ಈ ಎರಡು ಅಂಕಿಗಳನ್ನು ಮಾತ್ರ ಹೋಲಿಸಿದರೆ ಕೌಟಿಲ್ಯನ ಪಡಿ ಅತಿಯಾಗಿ ತೋರುತ್ತದೆ. ಆದರೆ ಕುದುರೆಯ ಬೆವರು ಮನುಷ್ಯನ ಬೆವರಿಗಿಂತ ಬಹಳ ಉಪ್ಪು; ಅದರ ಒಂದು ಲೀಟರಿನಲ್ಲಿ ಸುಮಾರು ಮೂರು ಗ್ರಾಂ ಸೋಡಿಯಂ ಹೊರಗೆ ಹೋಗುತ್ತದೆ. ಬಿಸಿಲಿನಲ್ಲಿ ಕಠಿನವಾಗಿ ದುಡಿಯುವ ಕುದುರೆಯು ಗಂಟೆಗೆ ಹತ್ತು ಲೀಟರಿಗೂ ಮೀರಿ ಬೆವರಬಲ್ಲುದು. ೧೯೦ ಗ್ರಾಂ ಉಪ್ಪಿನಲ್ಲಿರುವ ಸೋಡಿಯಂ ಸುಮಾರು ೨೫ ಲೀಟರ್ ಬೆವರಿನ ನಷ್ಟವನ್ನು ತುಂಬುತ್ತದೆ. ಆದುದರಿಂದ ಈ ಪಡಿಯು ಕಟ್ಟಿಹಾಕಿದ ಕುದುರೆಗಾಗಿ ಅಲ್ಲದೆ, ಯುದ್ಧಕ್ಕೂ ದೂರಪ್ರಯಾಣಕ್ಕೂ ಸಿದ್ಧವಾದ ಕುದುರೆಗಾಗಿ ಗೊತ್ತಾದುದೆಂದು ಊಹಿಸಲವಕಾಶವಿದೆ. ಅಳತೆಗಳು ಕಾಲದೇಶಗಳಿಗೆ ತಕ್ಕಂತೆ ಬದಲಾಗುತ್ತಿದ್ದುದರಿಂದ ಈ ಲೆಕ್ಕವನ್ನು ಸ್ಥೂಲವೆಂದೇ ಭಾವಿಸಬೇಕು. ಆದರೂ ಅದರ ದಿಕ್ಕು ಸ್ಪಷ್ಟವಾಗಿದೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ಗಮನಾರ್ಹವಾದ ವಿಧಿಯಿದೆ. ಅಶ್ವಚಿಕಿತ್ಸಕರು ಕುದುರೆಯ ಮೈ ಸೊರಗುವುದನ್ನೂ ಬೆಳೆಯುವುದನ್ನೂ ನೋಡಿ ಪ್ರತೀಕಾರವನ್ನು ಮಾಡಬೇಕು. ಋತುವಿಗೆ ತಕ್ಕಂತೆ ಆಹಾರವನ್ನು ವಿಭಾಗಿಸಬೇಕು. ಔಷಧದ ಇಲ್ಲವೆ ಉಪಚಾರದ ದೋಷದಿಂದ ರೋಗವು ಹೆಚ್ಚಿದರೆ ಚಿಕಿತ್ಸೆಯ ವೆಚ್ಚದ ಎರಡರಷ್ಟು ದಂಡ. ಅದರಿಂದ ಕುದುರೆಯೇ ಕೆಟ್ಟರೆ ಅದರ ಬೆಲೆಯೇ ದಂಡ. ಆಹಾರವು ಚಿಕಿತ್ಸೆಯ ಅಂಗವೆಂದೂ, ಅದರ ಹೊಣೆ ಒಬ್ಬ ವ್ಯಕ್ತಿಯ ಮೇಲೆ ನಿಲ್ಲಬೇಕೆಂದೂ ಗ್ರಂಥಕಾರನು ತಿಳಿದಿದ್ದನು.

೩

ಉಪ್ಪು ಎಂದ ಮಾತ್ರಕ್ಕೆ ಎಲ್ಲ ಉಪ್ಪೂ ಒಂದೇ ಅಲ್ಲವೆಂಬ ತಿಳಿವಳಿಕೆಯೂ ಪ್ರಾಚೀನರಿಗಿತ್ತು. ಅರ್ಥಶಾಸ್ತ್ರದ ಉಗ್ರಾಣದ ಅಧ್ಯಾಯದಲ್ಲಿ ಸೈಂಧವ, ಸಾಮುದ್ರ, ಬಿಡ, ಯವಕ್ಷಾರ, ಸೌವರ್ಚಲ, ಉದ್ಭೇದಜ ಎಂಬ ಆರು ಬಗೆಗಳು ಲವಣವರ್ಗದಲ್ಲಿ ಸೇರಿವೆ. ಆಯುರ್ವೇದದ ಪಂಚಲವಣಗಳ ವಿಭಾಗವೂ ಇದನ್ನೇ ಹೋಲುತ್ತದೆ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನು ಸಿಂಧೂದೇಶದಲ್ಲಿ ಕೆಂಪು, ಬಿಳಿ ಮತ್ತು ಕಪ್ಪು ಬಣ್ಣದ ಉಪ್ಪುಗಳನ್ನು ಕಂಡು, ದೂರದೂರದ ಜನರು ಅವುಗಳನ್ನು ಔಷಧವಾಗಿ ಬಳಸುವರೆಂದು ಬರೆದಿದ್ದಾನೆ. ಇಂದು ಪಾಕಿಸ್ತಾನದಲ್ಲಿರುವ ಖೇವ್ರಾ ಮೊದಲಾದ ಗಣಿಗಳ ಕಲ್ಲುಪ್ಪೇ ಆ ಸೈಂಧವದ ಮುಖ್ಯ ಮೂಲ.

ದಕ್ಖನದಲ್ಲಿ ಉಪ್ಪು ಎರಡು ದಾರಿಗಳಿಂದ ದೊರೆಯುತ್ತಿತ್ತು. ಕರಾವಳಿಯಲ್ಲಿ ಗೋಕರ್ಣದ ಬಳಿಯ ಸಾಣಿಕಟ್ಟೆಯಂತಹ ಕಡೆಗಳಲ್ಲಿ ಸಮುದ್ರದ ನೀರನ್ನು ಆಗರಗಳಿಗೆ ಹಾಯಿಸಿ ಬೆಳೆದ ಉಪ್ಪು, ಹೇರೆತ್ತುಗಳ ಮೇಲೆ ಘಟ್ಟವನ್ನೇರಿ ಬರುತ್ತಿತ್ತು. ಒಳನಾಡಿನಲ್ಲಿ ಉಪ್ಪಾರರು ಸವುಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಬಿಸಿಲಿನಲ್ಲಿ ಆರಿಸಿ ಉಪ್ಪನ್ನು ತೆಗೆಯುತ್ತಿದ್ದರು. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಈ ಮಣ್ಣುಪ್ಪಿನ ತಯಾರಿಕೆಯನ್ನು ವರ್ಣಿಸಿದ್ದಾನೆ. ಮಣ್ಣಿನ ಗುಣಕ್ಕೆ ತಕ್ಕಂತೆ ಈ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆಗೆ ಬೇರೆ ಕ್ಷಾರಗಳೂ ಬೆರೆತಿರುತ್ತಿದ್ದುವು.

ಈ ಭೇದಗಳು ರುಚಿಗೂ ಔಷಧಗುಣಕ್ಕೂ ಸಂಬಂಧಿಸಿದುವು. ಕುದುರೆಯ ಖನಿಜಪೋಷಣೆಯಲ್ಲಿ ಅವುಗಳಿಂದ ಆಗುವ ವ್ಯತ್ಯಾಸ ಅತ್ಯಲ್ಪ. ಕಲ್ಲುಪ್ಪಿನ ಕೆಂಪು ಬಣ್ಣ ಕಬ್ಬಿಣದ ಲೇಶದಿಂದ ಬಂದುದು. ಅದರಲ್ಲಿರುವ ಇತರ ಖನಿಜಗಳ ಪ್ರಮಾಣವು ಒಂದು ಕುದುರೆಯ ದಿನದ ಅಗತ್ಯದ ಮುಂದೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಈಗ ಅನೇಕ ದೇಶಗಳಲ್ಲಿ ಲಾಯಗಳಲ್ಲಿ ತೂಗುಹಾಕಲು ಇದೇ ಗುಲಾಬಿ ಬಣ್ಣದ ಗಟ್ಟಿಗಳನ್ನು ಸರ್ವಖನಿಜಗಳ ಆಕರವೆಂಬಂತೆ ಮಾರುತ್ತಿದ್ದಾರೆ. ಸೈಂಧವದ ಪ್ರಾಚೀನ ಕೀರ್ತಿಯೇ ಹೊಸ ರೂಪದಲ್ಲಿ ಮುಂದುವರಿದಿದೆ ಎನ್ನಬಹುದು. ಅದು ಒಳ್ಳೆಯ ಉಪ್ಪು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಉಪ್ಪು ಮಾತ್ರ.

೪

ಇನ್ನು ದಕ್ಷಿಣದ ಲಾಯಗಳ ಕಡೆಗೆ ತಿರುಗೋಣ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡನ್ನು ಕಂಡ ಮಾರ್ಕೋ ಪೋಲೋ ಅಲ್ಲಿನ ಅರಸನೂ ಅವನ ಸೋದರರೂ ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಳ್ಳುತ್ತಿದ್ದರೆಂದೂ, ವರ್ಷಾಂತ್ಯದಲ್ಲಿ ಅವುಗಳಲ್ಲಿ ನೂರು ಸಹ ಉಳಿಯುತ್ತಿರಲಿಲ್ಲವೆಂದೂ ಹೇಳುತ್ತಾನೆ. ಅವನು ಕೊಡುವ ಕಾರಣಗಳು ಮೂರು: ಕುದುರೆಯ ಆರೈಕೆಯನ್ನು ಬಲ್ಲವರು ಅಲ್ಲಿಲ್ಲ, ವ್ಯಾಪಾರವು ನಿಲ್ಲದಿರಲೆಂದು ವರ್ತಕರು ಅಂತಹವರನ್ನು ಅಲ್ಲಿಗೆ ಹೋಗಗೊಡುವುದಿಲ್ಲ, ಮತ್ತು ಅಲ್ಲಿ ಕುದುರೆಗಳಿಗೆ ಬೇಯಿಸಿದ ಮಾಂಸವನ್ನೂ ಅನ್ನವನ್ನೂ ತಿನ್ನಿಸುತ್ತಾರೆ. ಇದಕ್ಕಿಂತಲೂ ಕುತೂಹಲಕರವಾದುದು ಅವನ ಇನ್ನೊಂದು ಮಾತು. ಉತ್ತಮ ಜಾತಿಯ ಗಂಡು ಹೆಣ್ಣುಗಳನ್ನು ಕೂಡಿಸಿದರೂ ಆ ನಾಡಿನಲ್ಲಿ ಹುಟ್ಟುವ ಮರಿಯು ಕುಳ್ಳಾಗಿ, ಸೊಟ್ಟಗಾಲಿನದಾಗಿ, ಸವಾರಿಗೆ ಬಾರದಂತಾಗುತ್ತದೆ ಎಂದು ಅವನು ಬರೆದಿದ್ದಾನೆ. ಸ್ವಲ್ಪ ಕಾಲಾನಂತರ ಬರೆದ ಪಾರ್ಸಿ ಇತಿಹಾಸಕಾರ ವಸ್ಸಾಫನೂ ಆ ನಾಡಿನಲ್ಲಿ ಹಸಿ ಜವೆಯ ಬದಲು ಹುರಿದ ಜವೆಯನ್ನೂ ಬೆಣ್ಣೆ ಬೆರಸಿದ ಧಾನ್ಯವನ್ನೂ ಕೊಟ್ಟು, ಕಾಯಿಸಿದ ಹಸುವಿನ ಹಾಲನ್ನು ಕುಡಿಸುತ್ತಿದ್ದರೆಂದು ಆಶ್ಚರ್ಯಪಟ್ಟಿದ್ದಾನೆ.

ಈ ವರ್ಣನೆಗಳನ್ನು ಪರದೇಶೀಯರ ಅತಿಶಯೋಕ್ತಿಯೆಂದು ತಳ್ಳಿಹಾಕುವುದುಂಟು. ಕುದುರೆಗೆ ಅನ್ನ, ತುಪ್ಪ, ಮಾಂಸಗಳನ್ನು ಕೊಡುವ ಪದ್ಧತಿ ಶಾಸ್ತ್ರಸಮ್ಮತವಾಗಿಯೇ ಇದ್ದಿತೆಂಬುದು ಅರ್ಥಶಾಸ್ತ್ರದಿಂದ ಸಿದ್ಧವಾಗಿದೆ. ಆದುದರಿಂದ ಅದನ್ನು ಅಜ್ಞಾನವೆನ್ನಲಾಗದು. ಆದರೆ ಖನಿಜಾಂಶದ ದೃಷ್ಟಿಯಿಂದ ನೋಡಿದರೆ ಪೋಲೋ ಹೇಳುವ ಆಹಾರದಲ್ಲಿ ಒಂದು ನಿಜವಾದ ದೋಷ ಕಾಣುತ್ತದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು ೧೬೦ ಮಿಲಿಗ್ರಾಂ ರಂಜಕವೂ ಕೇವಲ ೧೦ ಮಿಲಿಗ್ರಾಂ ಸುಣ್ಣದ ಅಂಶವೂ ಇರುತ್ತವೆ. ಮಾಂಸದಲ್ಲಿಯೂ ರಂಜಕವು ಹೆಚ್ಚು, ಸುಣ್ಣವು ಅತ್ಯಲ್ಪ. ಹಸುರು ಮೇವು ಯಥೇಚ್ಛವಾಗಿದ್ದರೆ ಈ ಕೊರತೆ ತುಂಬಿಬರುತ್ತದೆ. ಗೂಟಕ್ಕೆ ಕಟ್ಟಿದ ಕುದುರೆಗೆ ಅನ್ನವೇ ಪ್ರಧಾನವಾದರೆ ಎಲುಬು ಸವೆಯುತ್ತದೆ. ಗರ್ಭಿಣಿಗೂ ಬೆಳೆಯುವ ಮರಿಗೂ ಸುಣ್ಣದ ಅಗತ್ಯವು ಅಧಿಕವಾದುದರಿಂದ ಸೊಟ್ಟಗಾಲಿನ ಮರಿಗಳ ಮಾತು ಕಟ್ಟುಕಥೆಯಂತೆ ತೋರುವುದಿಲ್ಲ. ವಸ್ಸಾಫನು ಹೇಳುವ ಹಾಲಾದರೋ ಸುಣ್ಣವನ್ನು ಒದಗಿಸುವ ವಸ್ತು. ಅರ್ಥಶಾಸ್ತ್ರದ ಪಡಿಯಲ್ಲಿಯೂ ಹಾಲು ಮೊಸರುಗಳಿಗೆ ಸ್ಥಾನವಿದೆ. ಆದುದರಿಂದ ಈ ಎಲ್ಲ ಲಾಯಗಳಿಗೂ ಒಂದೇ ತೀರ್ಪನ್ನು ಕೊಡುವುದು ನ್ಯಾಯವಲ್ಲ.

ದಕ್ಖನದ ಪ್ರಸ್ಥಭೂಮಿಯ ಸ್ಥಿತಿ ಬೇರೆಯಾಗಿತ್ತು. ೧೪೭೦ರ ಸುಮಾರಿನಲ್ಲಿ ಬೀದರಿನಲ್ಲಿ ತಂಗಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನು ತಾನೇ ಒಂದು ಕುದುರೆಯನ್ನು ಮಾರಲು ತಂದವನು. ಆದುದರಿಂದ ಅವನ ಸಾಕ್ಷ್ಯಕ್ಕೆ ಬೆಲೆಯುಂಟು. ಅಲ್ಲಿ ಕುದುರೆಗಳಿಗೆ ಕಡಲೆಯನ್ನೂ, ಸಕ್ಕರೆ ಬೆಣ್ಣೆಗಳನ್ನು ಸೇರಿಸಿ ಬೇಯಿಸಿದ ಕಿಚಡಿಯನ್ನೂ ತಿನ್ನಿಸುತ್ತಿದ್ದರೆಂದು ಅವನು ತಿಳಿಸುತ್ತಾನೆ. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರದವರೆಗೂ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆಂಬುದೂ ಅವನ ಬರಹದಿಂದಲೇ ತಿಳಿದುಬರುತ್ತದೆ. ಕನ್ನಡ ನಾಡಿನ ಲಾಯಗಳಲ್ಲಿ ಕಡಲೆಗಿಂತಲೂ ಹೆಚ್ಚು ಬಳಕೆಯಲ್ಲಿದ್ದುದು ಹುರುಳಿ. ಆಂಗ್ಲರು ಅದನ್ನು ಕುದುರೆಯ ಹೆಸರಿನಿಂದಲೇ ಕರೆದರು. ನೂರು ಗ್ರಾಂ ಹುರುಳಿಯಲ್ಲಿ ಸುಣ್ಣ ಸುಮಾರು ೨೯೦ ಮಿಲಿಗ್ರಾಂ, ರಂಜಕ ೩೧೦ ಮಿಲಿಗ್ರಾಂ. ಕಡಲೆಯಲ್ಲಿ ಕ್ರಮವಾಗಿ ೨೦೦ ಮತ್ತು ೩೧೦. ಅಕ್ಕಿಯೊಡನೆ ಹೋಲಿಸಿದರೆ ಇವೆರಡೂ ಎಷ್ಟೋ ಸಮತೂಕವಾದ ಧಾನ್ಯಗಳು. ಹುರುಳಿಯನ್ನು ಆರಿಸಿದವರು ಅದು ಅಗ್ಗವೆಂದೂ ಬಲಕರವೆಂದೂ ಬರಗಾಲಕ್ಕೆ ಬಗ್ಗದ ಬೆಳೆಯೆಂದೂ ಆರಿಸಿದರು. ಸುಣ್ಣವು ಅವರ ಲೆಕ್ಕದಲ್ಲಿ ಇರಲಿಲ್ಲ. ಆದರೂ ಆ ಆಯ್ಕೆಯಿಂದ ಕುದುರೆಯ ಎಲುಬಿಗೆ ರಕ್ಷೆ ದೊರೆಯಿತು. ಭೀಮಾ ನದಿಯ ಕಣಿವೆಯು ಗಟ್ಟಿಮುಟ್ಟಾದ ದೇಶೀ ಕುದುರೆಗಳಿಗೆ ಹೆಸರಾದ ಪ್ರದೇಶ; ಅಲ್ಲಿನ ಕರಿಮಣ್ಣಿನಲ್ಲಿ ಸುಣ್ಣದ ಹರಳುಗಳು ಹೇರಳವಾಗಿವೆ. ಈ ಎರಡು ಸಂಗತಿಗಳ ನಡುವೆ ಸಂಬಂಧವಿರುವ ಸಾಧ್ಯತೆಯನ್ನು ಮುಂದಿನ ಪರಿಶೋಧಕರು ಪರೀಕ್ಷಿಸಬೇಕು.

ವಿಜಯನಗರದ ಅರಸರು ಕುದುರೆಗಳಿಗಾಗಿ ಪಟ್ಟ ಶ್ರಮ ಪ್ರಸಿದ್ಧವಾಗಿದೆ. ಅರಸನು ಪ್ರತಿವರ್ಷ ಹರ್ಮುಜಿನಿಂದಲೂ ಒಳನಾಡಿನಿಂದಲೂ ಬಂದ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬೆಲೆಯನ್ನು ಕೊಡುತ್ತಿದ್ದನೆಂದೂ ಪೋರ್ಚುಗೀಸ್ ವರ್ತಕ ನೂನಿಜನು ಬರೆದಿದ್ದಾನೆ. ಆನೆ ಕುದುರೆಗಳನ್ನು ತರುವ ಪರದೇಶದ ವರ್ತಕರನ್ನು ಆದರಿಸಿ, ಅವು ಶತ್ರುಗಳ ಕೈಸೇರದಂತೆ ನೋಡಿಕೊಳ್ಳಬೇಕೆಂದು ಕೃಷ್ಣದೇವರಾಯನು ಆಮುಕ್ತಮಾಲ್ಯದದಲ್ಲಿ ಉಪದೇಶಿಸಿದ್ದಾನೆ. ಸತ್ತ ಕುದುರೆಗೂ ಹಣ ತೆರುವಷ್ಟು ಅವಶ್ಯಕತೆಯಿದ್ದ ರಾಜ್ಯಕ್ಕೆ ಬದುಕಿದ ಕುದುರೆಯ ಮೇವು ಎಷ್ಟು ಮುಖ್ಯವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅಶ್ವವೈದ್ಯವನ್ನು ಕುರಿತು ಕನ್ನಡದಲ್ಲಿಯೇ ಗ್ರಂಥ ಹುಟ್ಟಿದುದು ಈ ಯುಗದಲ್ಲಿ. ಸುಮಾರು ೧೪೦೦ರಲ್ಲ್ಲಿದ್ದ ಅಭಿನವಚಂದ್ರನು ಅದರ ಕರ್ತೃ. ಅದಕ್ಕೂ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಕುದುರೆಗಳ ವಿಚಾರವನ್ನು ಹೇಳಿದ್ದನು.

ಕುದುರೆಗಳ ಸಾವಿಗೆ ಆಹಾರವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ೧೮೮೦ರಲ್ಲಿ ಗ್ರಿಫಿತ್ ಇವಾನ್ಸನು ಪಂಜಾಬಿನಲ್ಲಿ ಸರ್ರಾ ರೋಗದ ಸೂಕ್ಷ್ಮಜೀವಿಯನ್ನು ಕುದುರೆ ಒಂಟೆಗಳ ರಕ್ತದಲ್ಲಿ ಕಂಡುಹಿಡಿದನು. ಕಚ್ಚುವ ನೊಣಗಳಿಂದ ಹರಡುವ ಆ ರೋಗವೂ, ಸೆಕೆಯೂ, ಸಮುದ್ರಪ್ರಯಾಣದ ಬಳಲಿಕೆಯೂ ಹಿಂದೆಯೂ ಪ್ರಬಲವಾಗಿದ್ದಿರಬೇಕು. ಆದರೆ ಸೊಟ್ಟಗಾಲಿನ ಮರಿಗಳನ್ನು ಇವು ಯಾವುವೂ ವಿವರಿಸಲಾರವು.

೫

ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರವು ಲಾಯದೊಳಕ್ಕೆ ಪ್ರವೇಶಿಸಿತು. ಫ್ರಾನ್ಸಿನ ಬೂಸಿಂಗೋ ೧೮೪೬-೪೭ರಲ್ಲಿ ಎತ್ತುಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಉಪ್ಪನ್ನು ಕೊಟ್ಟು ಇನ್ನೊಂದಕ್ಕೆ ಕೊಡದೆ ಪರೀಕ್ಷಿಸಿದನು. ತೂಕದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಆದರೆ ಉಪ್ಪಿಲ್ಲದ ಎತ್ತುಗಳ ಮೈಗೂದಲು ಕ್ರಮೇಣ ಹೊಳಪುಗೆಟ್ಟು ಒರಟಾಯಿತು. ೧೮೭೩ರಲ್ಲಿ ಬುಂಗೆ ಎಂಬ ವಿಜ್ಞಾನಿಯು ಸಸ್ಯಾಹಾರಿಗಳಿಗೆ ಉಪ್ಪಿನ ಹಂಬಲವೇಕೆಂಬುದನ್ನು ವಿವರಿಸಲು ಯತ್ನಿಸಿದನು. ಸಸ್ಯಗಳಲ್ಲಿ ಪೊಟಾಸಿಯಂ ಹೆಚ್ಚು, ಸೋಡಿಯಂ ಕಡಿಮೆ ಎಂಬುದು ಅವನ ವಾದದ ತಿರುಳು. ೧೯೦೫ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಬ್ಯಾಬ್‌ಕಾಕನು ಹಾಲು ಕೊಡುವ ಹಸುಗಳಿಗೆ ತಿಂಗಳುಗಟ್ಟಲೆ ಉಪ್ಪನ್ನು ನಿಲ್ಲಿಸಿ, ಅವು ಸೊರಗಿ ಕುಸಿಯುವುದನ್ನೂ ಉಪ್ಪನ್ನು ಮತ್ತೆ ಕೊಟ್ಟಾಗ ಚೇತರಿಸುವುದನ್ನೂ ತೋರಿಸಿಕೊಟ್ಟನು. ಹೀಗೆ ಕಿಕ್ಕುಲಿಯ ಕಾಲದ ಅನುಭವಕ್ಕೆ ವಿಜ್ಞಾನದ ಮುದ್ರೆ ಬಿದ್ದಿತು.

ಸುಣ್ಣದ ಕಥೆ ಇದಕ್ಕೆ ವಿರುದ್ಧವಾದುದು. ಐರೋಪ್ಯ ದೇಶಗಳಲ್ಲಿ ಹಿಟ್ಟಿನ ಗಿರಣಿಗಳ ಒಡೆಯರು ಸಾಕಿದ ಕುದುರೆಗಳಿಗೆ ಮುಖ ಊದಿಕೊಂಡು, ಕಾಲು ಕುಂಟಾಗಿ, ಎಲುಬುಗಳು ಲಘುವಾದ ಪೆಟ್ಟಿಗೇ ಮುರಿಯುವ ರೋಗವೊಂದು ಬರುತ್ತಿತ್ತು. ಗಿರಣಿಯಲ್ಲಿ ಧಾರಾಳವಾಗಿ ಸಿಗುತ್ತಿದ್ದ ಬೂಸವನ್ನೇ ಅವು ತಿನ್ನುತ್ತಿದ್ದುವು. ಗೋಧಿಯ ಬೂಸದಲ್ಲಿ ಸುಣ್ಣಕ್ಕಿಂತ ರಂಜಕವು ಸುಮಾರು ಹತ್ತರಷ್ಟು ಹೆಚ್ಚು. ಇದೇ ರೋಗವು ಫಿಲಿಪೀನ್ಸಿನಲ್ಲಿದ್ದ ಅಮೆರಿಕದ ಸೈನ್ಯದ ಕುದುರೆಗಳನ್ನು ಹಿಡಿದಾಗ ಕಿಂಟ್ನರ್ ಮತ್ತು ಹೋಲ್ಟ್ ಎಂಬವರು ನಡೆಸಿದ ಸುದೀರ್ಘವಾದ ಅಧ್ಯಯನವು ೧೯೩೨ರಲ್ಲಿ ಪ್ರಕಟವಾಯಿತು. ಅದಕ್ಕೆ ಸೋಂಕು ಕಾರಣವಲ್ಲ, ಆಹಾರದಲ್ಲಿ ಸುಣ್ಣ ರಂಜಕಗಳ ವಿಷಮತೆಯೇ ಕಾರಣವೆಂಬುದು ಅದರಿಂದ ದೃಢಪಟ್ಟಿತು. ೧೯೬೪ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಕ್ರೂಕ್ ಮತ್ತು ಲೋ ರೋಗದ ಕ್ರಮವನ್ನು ಬಿಡಿಸಿ ತೋರಿಸಿದರು. ರಂಜಕವು ಮಿತಿಮೀರಿದಾಗ ಸುಣ್ಣವು ರಕ್ತಕ್ಕೆ ಸಾಕಷ್ಟು ಸೇರುವುದಿಲ್ಲ. ಆಗ ಕುತ್ತಿಗೆಯಲ್ಲಿರುವ ಚಿಕ್ಕ ಗ್ರಂಥಿಗಳು ಕೆರಳಿ, ಎಲುಬಿನಲ್ಲಿ ಕೂಡಿಟ್ಟ ಸುಣ್ಣವನ್ನು ಕರಗಿಸಿ ರಕ್ತಕ್ಕೆ ಒದಗಿಸುತ್ತವೆ. ರಕ್ತವನ್ನು ಮಾತ್ರ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಸಾಲ ತೆರುತ್ತಿರುವುದು ಎಲುಬು. ೧೯೭೦ರ ದಶಕದಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ, ಬೂಸವನ್ನು ಮುಟ್ಟದೆ ಹುಲ್ಲುಗಾವಲಿನಲ್ಲಿಯೇ ಮೇಯುತ್ತಿದ್ದ ಕುದುರೆಗಳಿಗೂ ಈ ರೋಗ ಬಂದಿತು. ಅಲ್ಲಿ ಬೆಳೆಸಿದ ಕೆಲವು ಉಷ್ಣವಲಯದ ಹುಲ್ಲುಗಳಲ್ಲಿರುವ ಆಕ್ಸಲೇಟು ಸುಣ್ಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದೊರೆಯದಂತೆ ಮಾಡುತ್ತದೆ ಎಂದು ತಿಳಿದುಬಂದಿತು.

ನಮ್ಮ ಪ್ರತಿಪಾದನೆಗೆ ಅತ್ಯಂತ ಮುಖ್ಯವಾದ ಪ್ರಯೋಗವು ೧೯೭೮ರಲ್ಲಿ ಪ್ರಕಟವಾಯಿತು. ಕಾರ್ನೆಲಿನ ಸಂಶೋಧಕರು ಸುಣ್ಣದ ಕೊರತೆಯುಳ್ಳ ಆಹಾರವನ್ನು ಕುದುರೆಗಳಿಗೆ ಕೊಟ್ಟು, ಪಕ್ಕದಲ್ಲಿ ಸುಣ್ಣದ ಪುಡಿಯನ್ನು ಬೇಕಾದಷ್ಟು ತಿನ್ನಲು ಇಟ್ಟರು. ಕೊರತೆಯು ತುಂಬುವಷ್ಟು ಸುಣ್ಣವನ್ನು ಅವು ತಿನ್ನಲಿಲ್ಲ. ತನಗೆ ಬೇಕಾದುದನ್ನು ಪ್ರಾಣಿಯು ತಾನೇ ಅರಿತು ಆರಿಸಿಕೊಳ್ಳುತ್ತದೆಂಬ ನಂಬಿಕೆಯು ಉಪ್ಪಿನ ವಿಷಯದಲ್ಲಿ ನಿಜ. ಸುಣ್ಣದ ವಿಷಯದಲ್ಲಿ ನಿಜವಲ್ಲ.

೬

ಕೊರತೆಯು ಹೇಗೋ ಹಾಗೆಯೇ ಅತಿರೇಕವೂ ಮಾರಕವೆಂಬುದಕ್ಕೆ ಸೆಲೆನಿಯಂ ನಿದರ್ಶನ. ಚೀನದ ವಾಯವ್ಯ ಭಾಗದಲ್ಲಿ ಒಂದು ವಿಷಸಸ್ಯವಿದೆಯೆಂದೂ, ಅದನ್ನು ತಿಂದ ಪಶುಗಳ ಗೊರಸು ಕಳಚಿಬೀಳುತ್ತದೆಂದೂ, ಆ ನಾಡಿನ ಪಶುಗಳು ಅದನ್ನು ಗುರುತಿಸಿ ದೂರವಿಡುತ್ತವೆಂದೂ ಮಾರ್ಕೋ ಪೋಲೋ ಬರೆದಿದ್ದಾನೆ. ಇದು ಸೆಲೆನಿಯಂ ವಿಷಪ್ರಭಾವದ ವರ್ಣನೆಯಾಗಿರಬಹುದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ೧೮೫೬ರಲ್ಲಿ ಅಮೆರಿಕದ ಫೋರ್ಟ್ ರಾಂಡಾಲ್ ಎಂಬಲ್ಲಿ ಸೈನ್ಯದ ವೈದ್ಯನಾಗಿದ್ದ ಮ್ಯಾಡಿಸನ್ನನು ಅಶ್ವಸೈನ್ಯದ ಕುದುರೆಗಳಲ್ಲಿ ಕೇಸರ ಬಾಲಗಳ ಕೂದಲುದುರಿ ಗೊರಸು ಬಿರಿಯುವ ರೋಗವನ್ನು ಕಂಡನು. ಅದಕ್ಕೆ ಆ ಪ್ರದೇಶದ ಮಣ್ಣಿನಿಂದ ಸಸ್ಯಗಳಿಗೆ ಸೇರುವ ಸೆಲೆನಿಯಂ ಕಾರಣವೆಂಬುದು ೧೯೩೦ರ ದಶಕದಲ್ಲಿ ಗೊತ್ತಾಯಿತು. ಕೇವಲ ವಿಷವೆಂದು ಎಣಿಸಿದ್ದ ಈ ವಸ್ತುವು ಅತ್ಯಲ್ಪ ಪ್ರಮಾಣದಲ್ಲಿ ಪ್ರಾಣಿಗಳಿಗೆ ಅವಶ್ಯಕವೆಂದು ೧೯೫೭ರಲ್ಲಿ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ ತೋರಿಸಿದರು. ಒಂದು ಕುದುರೆಗೆ ದಿನಕ್ಕೆ ಬೇಕಾದುದು ಸುಮಾರು ಒಂದು ಮಿಲಿಗ್ರಾಂ ಮಾತ್ರ.

ಈ ಅಂತರವು ಎಷ್ಟು ಕಿರಿದೆಂಬುದಕ್ಕೆ ೨೦೦೯ರ ಏಪ್ರಿಲ್ ತಿಂಗಳಲ್ಲಿ ನಡೆದ ದುರಂತವು ಸಾಕ್ಷಿ. ಅಮೆರಿಕದ ಫ್ಲಾರಿಡಾದಲ್ಲಿ ಪೋಲೋ ಪಂದ್ಯಕ್ಕೆ ಸಿದ್ಧವಾಗಿದ್ದ ಒಂದೇ ತಂಡದ ೨೧ ಕುದುರೆಗಳು ಪೋಷಕೌಷಧದ ಚುಚ್ಚುಮದ್ದನ್ನು ಪಡೆದ ಬಳಿಕ ಸತ್ತುವು. ಆ ಔಷಧದಲ್ಲಿ ಸೆಲೆನಿಯಂ ಪ್ರಮಾಣವು ಮಿತಿಮೀರಿ ಬೆರೆತಿದ್ದುದೇ ಕಾರಣವೆಂದು ಪರೀಕ್ಷೆಯಿಂದ ತಿಳಿಯಿತು. ಬಲವರ್ಧನೆಗೆಂದು ಕೊಟ್ಟುದೇ ಪ್ರಾಣವನ್ನು ಕೊಂಡೊಯ್ದಿತು. ಚಿಕಿತ್ಸಾದೋಷಕ್ಕೆ ಕುದುರೆಯ ಬೆಲೆಯನ್ನೇ ದಂಡವಾಗಿ ವಿಧಿಸಿದ ಅರ್ಥಶಾಸ್ತ್ರದ ಕಟ್ಟಳೆಯ ಔಚಿತ್ಯ ಇಲ್ಲಿ ನೆನಪಿಗೆ ಬರುತ್ತದೆ.

೭

ಮೇಲ್ಕಂಡ ವಿವೇಚನೆಯಿಂದ ಎರಡು ಬಗೆಯ ನಿರ್ಣಯಗಳು ಹೊರಡುತ್ತವೆ.

ಮೊದಲನೆಯದು ವ್ಯವಹಾರಕ್ಕೆ ಸಂಬಂಧಿಸಿದುದು. ಉಪ್ಪನ್ನು ಕುದುರೆಯ ನಾಲಗೆಗೆ ಬಿಡಬಹುದು. ಶುದ್ಧವಾದ ಸಾಮಾನ್ಯ ಉಪ್ಪು ಯಾವುದಾದರೂ ಸರಿ, ಬದಿಯಲ್ಲಿ ಬೇಕಾದಷ್ಟು ನೀರಿರಬೇಕು. ಹಸುವಿನ ನಾಲಗೆಯಷ್ಟು ಕುದುರೆಯ ನಾಲಗೆ ಒರಟಲ್ಲದುದರಿಂದ, ಹೆಚ್ಚು ಬೆವರುವ ಕುದುರೆಗೆ ಗಟ್ಟಿಯನ್ನು ನೆಕ್ಕಲು ಇಡುವುದಕ್ಕಿಂತ ಪುಡಿಯುಪ್ಪನ್ನು ಅಳೆದು ಮೇವಿನಲ್ಲಿ ಬೆರೆಸುವುದು ಲೇಸು. ಕೌಟಿಲ್ಯನ ಪಡಿಯ ಕ್ರಮವೂ ಅದೇ. ಸುಣ್ಣ, ರಂಜಕ, ಸೆಲೆನಿಯಂ ಮೊದಲಾದುವನ್ನಾದರೋ ಮೇವಿನ ಲೆಕ್ಕವನ್ನು ನೋಡಿಯೇ ನಿರ್ಧರಿಸಬೇಕು. ಯಾವ ಧಾನ್ಯ, ಯಾವ ಹುಲ್ಲು, ಯಾವ ಮಣ್ಣು ಎಂಬುದನ್ನು ವಿಚಾರಿಸದೆ ಕೊಡುವ ಖನಿಜಮಿಶ್ರಣವು ಒಂದು ಕಡೆ ವ್ಯರ್ಥವಾದರೆ ಇನ್ನೊಂದು ಕಡೆ ಅಪಾಯಕರವಾದೀತು.

ಎರಡನೆಯದು ಇತಿಹಾಸದ ಅಭ್ಯಾಸಕ್ಕೆ ಸಂಬಂಧಿಸಿದುದು. ದಕ್ಷಿಣದ ರಾಜ್ಯಗಳು ಕುದುರೆಗಳಿಗಾಗಿ ಸುರಿದ ಸಂಪತ್ತನ್ನು ನಾವು ಬಂದರುಗಳ ಲೆಕ್ಕದಿಂದ ಅಳೆಯುತ್ತ ಬಂದಿದ್ದೇವೆ. ಆ ಸಂಪತ್ತು ಎಷ್ಟು ಕಾಲ ಉಳಿಯಿತೆಂಬುದನ್ನು ತಿಳಿಯಬೇಕಾದರೆ ಲಾಯದ ಉಗ್ರಾಣವನ್ನು ಹೊಕ್ಕು ನೋಡಬೇಕು. ಅಕ್ಕಿಯ ಸೀಮೆಗೂ ಹುರುಳಿಯ ಸೀಮೆಗೂ ಇದ್ದ ವ್ಯತ್ಯಾಸ, ಹಾಲು ಮೊಸರುಗಳ ಬಳಕೆ, ಹಸುರು ಮೇವಿನ ಲಭ್ಯತೆ, ಮಣ್ಣಿನ ಗುಣ ಇವುಗಳನ್ನು ಅಶ್ವವ್ಯಾಪಾರದ ದಾಖಲೆಗಳೊಡನೆ ಜೋಡಿಸಿ ಓದಬೇಕು. ಹಳೆಯ ಲಾಯಗಳ ನಿವೇಶನಗಳಲ್ಲಿ ದೊರೆಯುವ ಕುದುರೆಯ ದವಡೆ ಮತ್ತು ಕಾಲಿನ ಎಲುಬುಗಳನ್ನು ಪುರಾತತ್ತ್ವಶೋಧಕರು ಈ ದೃಷ್ಟಿಯಿಂದ ಪರೀಕ್ಷಿಸಿದರೆ, ಮಾರ್ಕೋ ಪೋಲೋವಿನ ಮಾತಿಗೆ ಸಮರ್ಥನೆಯೋ ಖಂಡನೆಯೋ ದೊರೆಯಲು ಸಾಧ್ಯ. ಉಪ್ಪಿನ ಋಣವನ್ನು ನಮ್ಮ ಹಿರಿಯರು ಲೆಕ್ಕದಲ್ಲಿ ಬರೆದಿಟ್ಟರು. ಸುಣ್ಣದ ಲೆಕ್ಕವು ಎಲುಬಿನಲ್ಲಿ ಮಾತ್ರ ಬರೆದಿದೆ. ಅದನ್ನು ಓದುವ ಕೆಲಸ ಇನ್ನು ಮುಂದೆ ಆಗಬೇಕಾಗಿದೆ.